ಹದಿನೇಳು ಚಿಪ್ಪುಗಳು

ಅಂಟಿಸಿದ್ದ ಕಾಗದದ ಪಟ್ಟಿಯನ್ನು ಹರಿದು ಡಬ್ಬಿಯ ಮುಚ್ಚಳ ತೆಗೆದಾಗ ಮೊದಲು ಬಂದದ್ದು ಗುಲಾಬಿ ಹಲ್ಲುಪುಡಿಯ ವಾಸನೆ. ಅದರ ಹಿಂದೆಯೇ ಒಣಗಿದ ಹೊಳೆಕೆಸರಿನದು. ಮೇಷ್ಟ್ರು ತೀರಿಹೋದ ಮೇಲೆ ಅವರ ಹೆಂಡತಿ ಕೊಟ್ಟ ಡಬ್ಬಿ. ಎರಡು ವರ್ಷ ಬೀರುವಿನಲ್ಲೇ ಇತ್ತು. ಮೇಲಿನ ಚೀಟಿಯಲ್ಲಿ ಮೇಷ್ಟ್ರ ಓರೆ ಅಕ್ಷರದಲ್ಲಿ ನನ್ನ ಹೆಸರು, ಕೆಳಗೆ 'ತಿ. ನರಸೀಪುರ'.

ತೊಂಬತ್ತರ ದಶಕದ ಕೊನೆಯಲ್ಲಿ ಅವರು ನಂಜನಗೂಡಿನ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಹೇಳುತ್ತಿದ್ದರು. ನಾನು ದಿನವೂ ತಿ. ನರಸೀಪುರದಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಜೀವವಿಕಾಸದ ಪಠ್ಯಪುಸ್ತಕ ಇಂಗ್ಲಿಷಿನಲ್ಲಿತ್ತು; ನಮ್ಮಲ್ಲಿ ಹೆಚ್ಚಿನವರು ಅದನ್ನು ಉರು ಹೊಡೆಯುತ್ತಿದ್ದೆವು. ಮೇಷ್ಟ್ರು ಕನ್ನಡದಲ್ಲಿ ಒಂದು ಪುಸ್ತಕ ಬರೆಯತೊಡಗಿದ್ದರು. ಅದಕ್ಕೆ ಅವರದೊಂದು ನಿಯಮ: ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಕಣ್ಣಾರೆ ನೋಡಿ, ಸಂಜೆಗೆ ಮನೆ ಸೇರಲಾಗದ ಉದಾಹರಣೆ ಅದರಲ್ಲಿ ಇರಕೂಡದು.

"ಎಲ್ಲಾ ಪುಸ್ತಕದಲ್ಲೂ ಅದೇ ಜಿರಾಫೆ ಕತ್ತು ಚಾಚ್ಕೊಂಡು ನಿಂತಿರುತ್ತೆ. ಅದಕ್ಕೂ ಸಾಕಾಗೋಗಿರುತ್ತೆ ಕಣ್ರಮ್ಮ. ನಮ್ಮ ಹೊಳೇಲಿ ಬಸವನಹುಳ ಇಲ್ವಾ?" ಎನ್ನುತ್ತಿದ್ದರು.

ನಾಲ್ಕನೆಯ ಅಧ್ಯಾಯ ಒಂದೇ ಜಾತಿಯ ಜೀವಿಗಳೊಳಗಿನ ವ್ಯತ್ಯಾಸದ ಬಗ್ಗೆ. ನಂಜನಗೂಡಿನಲ್ಲಿ ಕಪಿಲೆಗೆ ಇಳಿಯುವ ಸೋಪಾನದ ಬಳಿ ಸಿಗುವ ಬಸವನಹುಳುವಿನ ಚಿಪ್ಪುಗಳನ್ನು ಅವರೇ ಅಳೆದಿದ್ದರು. ಕಪಿಲೆ ಕಾವೇರಿಯನ್ನು ಸೇರುವ ನಮ್ಮೂರಿನ ಸಂಗಮದಲ್ಲಿ ನೂರು ಚಿಪ್ಪು ಅಳೆಯುವ ಕೆಲಸ ನನ್ನದಾಯಿತು. ಭೌತಶಾಸ್ತ್ರ ವಿಭಾಗದಿಂದ ವರ್ನಿಯರ್ ಬೇಡಿ ತಂದು, ಕರ್ಚೀಫಿನಲ್ಲಿ ಸುತ್ತಿ ಕೊಟ್ಟರು. ಎರಡು ಹೊಳೆ ಸೇರುವ ಜಾಗದಲ್ಲಿ ಚಿಪ್ಪು ತುಸು ದೊಡ್ಡದಿರಬೇಕೆಂಬುದು ಅವರ ಊಹೆ. ತರಗತಿಯಲ್ಲಿ ಅಚ್ಚುಕಟ್ಟಾಗಿ ಅಳೆಯುವವಳು ನಾನೊಬ್ಬಳೇ ಎಂಬುದು ಅವರ ನಂಬಿಕೆ.

ಭಾನುವಾರ ಮೊಣಕಾಲುದ್ದ ನೀರಿನಲ್ಲಿ ನಿಂತು ಕೆಸರು ತಡಕುತ್ತಿದ್ದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, "ಏನವ್ವಾ, ಬಸವನುಳ ಆಯ್ತಿದ್ದೀಯಾ? ನಿಮ್ಮನೇಲೂ ಸಾರು ಮಾಡ್ತಾರಾ?" ಎಂದು ನಕ್ಕಳು. ಹದಿನೇಳು ಸಿಕ್ಕಿದವು. ಹದಿನೆಂಟನೆಯ ಸಲ ಬೆರಳಿಗೆ ಬಂದದ್ದು ಚಿಪ್ಪಲ್ಲ. ಹಗುರ, ಬಿಳಿ, ಒಡೆದ ಕಡೆ ಸಣ್ಣಸಣ್ಣ ತೂತು... ಮೂಳೆಯ ಚೂರು. ತಿಂಗಳ ಹಿಂದೆ ಚಿಕ್ಕಪ್ಪ ನಮ್ಮಜ್ಜಿಯ ಅಸ್ಥಿಯನ್ನು ಬಿಟ್ಟದ್ದು ಅದೇ ನೀರಿನಲ್ಲಿ. ಎಲ್ಲೆಲ್ಲಿಂದಲೋ ಬಂದು ಅಲ್ಲಿ ಅಸ್ಥಿ ಬಿಡುತ್ತಾರೆ, ಅದು ಯಾರದೂ ಆಗಿರಬಹುದೆಂದು ನನಗೆ ಗೊತ್ತಿತ್ತು. ಆದರೂ... ಮೆಲ್ಲಗೆ ನೀರಿಗೆ ಬಿಟ್ಟೆ. ಮತ್ತೆ ಆ ಕೆಸರಿಗೆ ಕೈ ಹಾಕಲಾಗಲಿಲ್ಲ.

ಉಳಿದ ಎಂಬತ್ತಮೂರನ್ನು ಮನೆಯಲ್ಲಿ ಕೂತು ಬರೆದೆ. ಮೇಷ್ಟ್ರು ಬೋರ್ಡಿನ ಮೇಲೆ ಎಳೆದಿದ್ದ ಗಂಟೆಯಾಕಾರದ ಗೆರೆ ನೆನಪಿತ್ತು. ಅದಕ್ಕೆ ಹೊಂದುವಂತೆ, ಅವರು ಬಯಸಿದಂತೆ ತುಸು ದೊಡ್ಡದಾಗಿ ಅಂಕಿಗಳನ್ನು ಹುಟ್ಟಿಸಿ, ನಿಜವಾದ ಹದಿನೇಳನ್ನು ನಡುನಡುವೆ ಬೆರೆಸಿದೆ. ಹದಿನೇಳು ಚಿಪ್ಪನ್ನು ಹಲ್ಲುಪುಡಿಯ ಖಾಲಿ ಡಬ್ಬಿಯಲ್ಲಿ ಹಾಕಿ ಮೇಷ್ಟ್ರಿಗೆ ಕೊಟ್ಟು, ಮಿಕ್ಕವನ್ನು ಹೊಳೆಗೆ ಹಾಕಿದೆನೆಂದು ಹೇಳಿದೆ. ಅವರು ನನ್ನ ಗ್ರಾಫನ್ನು ಬಹಳ ಹೊತ್ತು ನೋಡಿದರು. ಮೂಳೆಯ ವಿಷಯ ಹೇಳದೆ ಅಂಕಿಗಳ ವಿಷಯ ಹೇಳುವಂತಿರಲಿಲ್ಲ. ಎರಡನ್ನೂ ಹೇಳಲಿಲ್ಲ.

ಐದಾರು ವರ್ಷ ಕಳೆದು ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಇಳಿದುಹೋಗಿದ್ದರು. ಪುಸ್ತಕ ಅಚ್ಚಾಯಿತೇ ಎಂದು ಕೇಳಿದೆ.

"ನಾಲ್ಕನೇ ಅಧ್ಯಾಯದಲ್ಲೇ ನಿಂತಿದೆ ಕಣಮ್ಮ. ನಿಮ್ಮೂರಿಗೆ ಹೋಗಿ ಹೋಗಿ ಅಳೀತೀನಿ, ನಿನ್ ಹಂಗೆ ಬರ್ತಾನೇ ಇಲ್ಲ. ಕೈ ನಡುಗುತ್ತೋ, ಕಣ್ಣು ಮಂಜಾಯ್ತೋ... ಕನ್ನಡಕಾನೂ ಬದಲಾಯಿಸ್ದೆ. ನನಗೇ ಸರಿಬರದೆ ಮಕ್ಕಳಿಗೆ ಹೆಂಗೆ ಬರ್ಕೊಡ್ಲಿ?"

ನನ್ನ ಬಸ್ಸು ಹೊರಡುವುದರಲ್ಲಿತ್ತು. ಒಂದೇ ಒಂದು ವಾಕ್ಯ ಸಾಕಿತ್ತು. "ಇನ್ನೊಂದ್ಸಲ ನೋಡಿ ಸಾರ್," ಎಂದೆ. ಅವರು ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದರು. ಕಿಟಕಿಯಿಂದ ನೋಡಿದಾಗ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದರು...

ಹಾಸಿಗೆ ಹಿಡಿಯುವವರೆಗೂ ಮೇಷ್ಟ್ರು ಭಾನುವಾರ ಬಂದರೆ ತಿ. ನರಸೀಪುರದ ಬಸ್ಸು ಹತ್ತುತ್ತಿದ್ದರಂತೆ. ನನ್ನ ಡಬ್ಬಿಯನ್ನು ಮಾತ್ರ ಎಂದೂ ತೆರೆಯಲಿಲ್ಲವಂತೆ. "ಅವಳು ಅಳೆದಾಗಿದೆ, ತಿರುಗಾ ಅಳೆದ್ರೆ ನಂಬಿಕೆ ಇಲ್ಲ ಅಂದಂಗೆ ಅಂತಿದ್ರು," ಎಂದು ಡಬ್ಬಿ ಕೊಡುವಾಗ ಅವರ ಹೆಂಡತಿ ಹೇಳಿದರು. ಹಸ್ತಪ್ರತಿಯನ್ನೂ ತೋರಿಸಿದರು. ಪುಸ್ತಕವೆಲ್ಲ ಮುಗಿದಿತ್ತು. ನಾಲ್ಕನೆಯ ಅಧ್ಯಾಯದಲ್ಲಿ ಮಾತ್ರ ಗೆರೆ ಹಾಕಿಟ್ಟ ನೂರು ಸಾಲುಗಳ ಒಂದು ಕೋಷ್ಟಕ ಖಾಲಿಯಿತ್ತು. ಇದೊಂದನ್ನು ಯಾಕೆ ಬಿಟ್ಟರೆಂದು ಗೊತ್ತೇ ಎಂದು ಆಕೆ ಕೇಳಿದರು. ಗೊತ್ತಿಲ್ಲವೆಂದೆ.

ಇವತ್ತು ಆ ಹದಿನೇಳನ್ನೂ ಮತ್ತೆ ಅಳೆದೆ. ಎಲ್ಲವೂ ಚಿಕ್ಕವು, ನಂಜನಗೂಡಿನವುಗಳಷ್ಟೇ. ಮೇಷ್ಟ್ರ ಕಣ್ಣು ಮಂಜಾಗಿರಲಿಲ್ಲ, ಕೈ ನಡುಗಿರಲಿಲ್ಲ. ಒಂದು ಹಾಳೆಗೆ ನೂರು ಗೆರೆ ಹಾಕಿ, ಮೊದಲ ಹದಿನೇಳರಲ್ಲಿ ಅಳತೆಗಳನ್ನು ಬರೆದೆ. ಹದಿನೆಂಟನೆಯದರ ಮುಂದೆ ಅಂದು ಕೈಗೆ ಸಿಕ್ಕಿದ್ದೇನೆಂದು ಬರೆದೆ. ಓದಬೇಕಾಗಿದ್ದವರು ಇಲ್ಲ.