ದೀಪ ಹಚ್ಚುವ ಮೊದಲು ಮಾರಿದ ಡಾಲರ್

ಆ ಸೋಮವಾರ ಮಧ್ಯಾಹ್ನ ಈರಣ್ಣ ಕಾಕಾ ಬಾಯಲ್ಲಿದ್ದ ಅಕ್ಕಿಕಾಳನ್ನು ರಸ್ತೆಗೆ ಉಗುಳಿದರು ಎಂದು ನನಗೆ ನೆನಪು. ನಿಜವಾಗಿಯೂ ಉಗುಳಿದರೇ ಎಂದು ಯಾರಾದರೂ ಕೇಳಿದರೆ ಖಾತ್ರಿಯಿಂದ ಹೇಳಲಾರೆ. ಅವರ ಹೆಂಡತಿ ನೀಲವ್ವ ಚಿಗವ್ವನಂತೂ ಒಪ್ಪುವುದೇ ಇಲ್ಲ. "ಸಾಧ್ಯನ ಇಲ್ಲ ತಮ್ಮಾ. ಹುಳಾ ಬಿದ್ದ ಕಾಳು ಸೈತ ಗುಬ್ಬಿಗಿ ಹಾಕೋರು ಅವರು, ಉಗುಳೋರಲ್ಲ" ಎನ್ನುತ್ತಾರೆ. ನಾನು ಧಾರವಾಡದಲ್ಲಿ ಅರ್ಥಶಾಸ್ತ್ರ ಓದಿದವನು. ಒಂದು ಕಾಲೇಜಿನಲ್ಲಿ ನೆಲೆ ನಿಲ್ಲದೆ ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಎಂದು ಪಾಠ ಹೇಳುತ್ತಾ ಅಲೆದವನು. ಊರವರ ಮಾತಿಗೆಲ್ಲ ಪುರಾವೆ ಕೇಳಿ ಕೇಳಿ, ಈಗ ನನ್ನ ನೆನಪಿಗೂ ಪುರಾವೆ ಕೇಳುವಂತಾಗಿದೆ.

ಅವರ ಬಾಯಲ್ಲಿ ಅಕ್ಕಿಕಾಳು ಇರುತ್ತಿತ್ತು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಎಲೆ ಅಡಿಕೆಯಿಲ್ಲ, ಬೀಡಿಯಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅಕ್ಕಿ. ಗಂಗಾವತಿಯ ಕಾಳುಕಡಿಯ ಮಾರುಕಟ್ಟೆಯಾದ ಗಂಜಿನಲ್ಲಿ ಅವರ ತಂದೆಯ ಕಾಲದಿಂದ ಬಂದ ನೆಲ್ಲಿನ, ಅಂದರೆ ಭತ್ತದ, ದಲಾಲಿ ಅಂಗಡಿಯಿತ್ತು. ಅಂಗಡಿಯ ಹಿಂದಿನ ಓಣಿಯಲ್ಲಿ ಅವರ ಮನೆ, ಅದರ ಪಕ್ಕ ನಮ್ಮದು. ಮಾಲು ಬಂದರೆ ಚೂಪಾದ ಕಬ್ಬಿಣದ ಕೊಳವೆಯನ್ನು ಚೀಲದ ನಡುವಿಗೆ ಚುಚ್ಚಿ ಮುಷ್ಟಿ ಕಾಳು ತೆಗೆದು, ಅಂಗೈಯಲ್ಲಿ ಉಜ್ಜಿ, ಒಂದನ್ನು ಮುಂದಿನ ಹಲ್ಲಿನಿಂದ ಕಡಿಯುತ್ತಿದ್ದರು. ಟಕ್ ಎಂದರೆ ಒಣಗಿದ್ದು. ಮೆತ್ತಗೆ ಮುರಿದರೆ ಮಾಲು ತಂದವನ ಮುಖ ನೋಡಿ, "ಬರೂ ಮುಂದ ಹೊಳ್ಯಾಗ ಜಳಕಾ ಮಾಡಿಸ್ಕೊಂಡು ಬಂದೀಯೇನೋ ಇದಕ್ಕ?" ಎನ್ನುತ್ತಿದ್ದರು. ಜಗಳವಾಗುತ್ತಿರಲಿಲ್ಲ. ಆ ಮನುಷ್ಯನೇ ನಕ್ಕು ದರ ಇಳಿಸುತ್ತಿದ್ದ.

ಅವರ ತಂದೆ ಹಾಕಿಕೊಟ್ಟ ಒಂದು ನೇಮವಿತ್ತು. ಮುಷ್ಟಿಯಲ್ಲಿ ತೋರಿಸಿದ ಕಾಳೇ ಬೇರೆ, ಚೀಲ ಬಿಚ್ಚಿದಾಗ ಬಂದ ಮಾಲೇ ಬೇರೆ ಎಂದಾದರೆ, ಅಂಗಡಿಯಲ್ಲಿ ಸಂಜೆಯ ದೀಪ ಹಚ್ಚುವುದರೊಳಗೆ ಆ ವ್ಯವಹಾರ ಮುರಿಯಬೇಕು. ನಷ್ಟವಾದರೆ ದಲಾಲಿ ಮಾಡಿದವನೇ ಹೊರಬೇಕು. "ಕೆಟ್ಟ ಮಾತು ಅಂಗಡ್ಯಾಗ ರಾತ್ರಿ ಉಳೀಬಾರ್ದು" ಎಂದು ಕಾಕಾ ಹೇಳುತ್ತಿದ್ದರು. ಗಂಜಿನಲ್ಲಿ ಅವರ ಮಾತಿಗೆ ಬೆಲೆ ಬಂದದ್ದು ಈ ನೇಮದಿಂದ. ಅಂಗಡಿ ಹೋದದ್ದೂ ಇದರಿಂದಲೇ ಎಂದು ನನಗನಿಸುತ್ತದೆ.

ಲೋಕಸಭೆ ಚುನಾವಣೆ ಬಂದ ವರ್ಷ ಅವರ ಅಣ್ಣ ಮಲ್ಲಣ್ಣ ಅಂಗಡಿ ಮಾರುವ ಮಾತೆತ್ತಿದರು. ಅರ್ಧ ಪಾಲು ಅವರದು. ಗೊಬ್ಬರದ ವ್ಯಾಪಾರಿಯೊಬ್ಬ ಒಳ್ಳೆಯ ದರ ಹೇಳಿದ್ದ. "ಬೇಕಂದ್ರ ನನ್ನ ಪಾಲು ನೀನ ತಗೋ. ಮಳಿ ಹಿಡಿಯೂದ್ರೊಳಗ ಹೇಳು" ಎಂದರು. ಕಾಕಾನ ಬಳಿ ಇದ್ದದ್ದು ಸಾಲುತ್ತಿರಲಿಲ್ಲ. ಆಗ ಅವರಿಗೆ ಡಾಲರ್ ಹೊಳೆಯಿತು. ಅಂಗಡಿಯ ಅಕ್ಕಿ ಹೊರದೇಶಕ್ಕೂ ಹೋಗುತ್ತಿದ್ದುದರಿಂದ ಡಾಲರ್ ವಹಿವಾಟಿನ ಬಾಗಿಲು ಅವರಿಗೆ ತೆರೆದಿತ್ತು. ಕೊಪ್ಪಳದಲ್ಲಿ ಒಬ್ಬ ಏಜೆಂಟನಿದ್ದ. ಡಾಲರ್ ನೋಟು ಕೈಗೆ ಬರುವುದಿಲ್ಲ. ಮುಂದೆ ಅದರ ಬೆಲೆ ಏರುತ್ತದೆಂದು ಇಂದೇ ಒಂದು ದರಕ್ಕೆ ಕೊಂಡಿಡುವುದು. ಏರಿದರೆ ಲಾಭ, ಇಳಿದರೆ ಕಟ್ಟಿದ ಹಣ ಕರಗುತ್ತದೆ.

ದಿಲ್ಲಿಯಲ್ಲಿ ಗಟ್ಟಿ ಬಹುಮತ ಬಂದರೆ ಹೊರಗಿನ ಬಂಡವಾಳ ಒಳಗೆ ಬಂದು ರೂಪಾಯಿ ಬಲಿಯುತ್ತದೆ, ಬಹುಮತ ಅಳ್ಳಾಡಿದರೆ ಆ ಹಣ ಹೊರಗೆ ಓಡಿ ಡಾಲರ್ ಏರುತ್ತದೆ ಎಂದು ಅವರಿಗೆ ಹೇಳಿದವನು ನಾನೋ, ಟಿವಿಯೋ, ಈಗ ನೆನಪಿಲ್ಲ. ಬಹುಮತ ಬರುತ್ತದೋ ಇಲ್ಲವೋ ಎಂದು ತಿಳಿಯಲು ಮಾತ್ರ ಅವರು ಟಿವಿ ನೋಡಲಿಲ್ಲ. ಬಸ್ಸು ಹತ್ತಿದರು. ಒಮ್ಮೆ ನಾನೂ ಜೊತೆಗಿದ್ದೆ.

ಕುಕನೂರಿನ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ನಾಲ್ಕಾರು ಮಂದಿ ಮೇಜು ಗುದ್ದಿ ಸರಕಾರ ಕಟ್ಟುತ್ತಿದ್ದರು, ಕೆಡವುತ್ತಿದ್ದರು. ಕಾಕಾ ಅವರತ್ತ ತಿರುಗಿಯೂ ನೋಡಲಿಲ್ಲ. "ಅವರು ಚೀಲದ ಬಾಯಾಗಿನ ಕಾಳು. ಛಲೋ ಕಾಳು ಮ್ಯಾಲ ಇಟ್ಟಿರ್ತಾರ" ಎಂದವರೇ, ಹೊರಗೆ ಸುಮ್ಮನೆ ಕೂತು ಶೇಂಗಾ ಮಾರುತ್ತಿದ್ದ ಹೆಂಗಸಿನ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಏನಂತಾರಬೇ ಯವ್ವಾ ಮಂದಿ ಈ ಸಲ?"

"ಮಂದಿ ಏನರ ಅನ್ಲಿ ಯಪ್ಪಾ. ಹೋದ ಸಲ ನಾನೂ ನನ್ನ ಗಂಡನೂ ಒಂದಕ್ಕ ಒತ್ತಿದ್ವಿ. ಈ ಸಲ ಅಂವ ಒಂದಕ್ಕ, ನಾ ಒಂದಕ್ಕ."

"ಗಂಡಗ ಹೇಳೀಯೇನು?"

"ಹೇಳೇನಿ. ಬ್ಯಾಡ ಅಂದ್ರ ರೊಟ್ಟಿ ನೀನ ಬಡಕೋ ಅಂದೇನಿ. ಸುಮ್ನಾಗ್ಯಾನ."

ಕಾಕಾ ನಗುತ್ತಲೇ ಎದ್ದರು. "ಕೇಳಿದಿಯೇನೋ ಯುನಿವರ್ಸಿಟಿ? ಒಂದ ಮನ್ಯಾಗ ಕಾಳು ಬ್ಯಾರಿ ಆಗೇತಿ. ಬಹುಮತ ಬರೂದಿಲ್ಲ." ಅವರು ನನ್ನನ್ನು ಕರೆಯುತ್ತಿದ್ದದ್ದು ಹಾಗೆಯೇ, ಯುನಿವರ್ಸಿಟಿ ಎಂದು.

"ಕುಕನೂರಿನ ಒಂದು ಮನಿ ಅಂದ್ರ ದೇಶ ಏನ್ರಿ ಕಾಕಾ?"

"ಲಾರಿ ತುಂಬ ನೆಲ್ಲು ಬಂದ್ರ ಎಲ್ಲಾ ಚೀಲ ಬಿಚ್ತಾರೇನು?"

"ಲಾರಿದು ಒಂದ ಹೊಲದ ಮಾಲು. ದೇಶ ಒಂದ ಹೊಲ ಅಲ್ರಿ."

ಅವರು ಸ್ವಲ್ಪ ಹೊತ್ತು ಕಾಳು ಕಡಿದು, "ಟಿವಿಯವರು ಭಾಳ ಚೀಲಕ್ಕ ಚುಚ್ಯಾರಂತೀ. ಬಾಯಿಗಿ ಚುಚ್ಯಾರೋ, ನಡುವಿಗಿ ಚುಚ್ಯಾರೋ?" ಎಂದರು. ನಾನು ಸಮೀಕ್ಷೆಯ ವಿಧಾನ ವಿವರಿಸತೊಡಗಿದೆ. ಯಲಬುರ್ಗಾ ಬಸ್ಸು ಬಂತು. ವಿವರಣೆ ಅಲ್ಲಿಗೆ ನಿಂತಿತು. ಅವರ ಲೆಕ್ಕಾಚಾರ ತಪ್ಪೆಂದು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ತಪ್ಪು ಲೆಕ್ಕಕ್ಕೂ ಒಮ್ಮೊಮ್ಮೆ ಸರಿ ಉತ್ತರ ಬರುತ್ತದೆ, ಅಷ್ಟೇ.

ಕಾಕಾ ಡಾಲರ್ ಕೊಂಡಿಟ್ಟರು. ಮತದಾನ ಮುಗಿದ ಶನಿವಾರ ಟಿವಿಯ ಸಮೀಕ್ಷೆಗಳೆಲ್ಲ ಭಾರೀ ಬಹುಮತ ಎಂದವು. ಸೋಮವಾರ ಹಣದ ಪೇಟೆ ತೆರೆಯುತ್ತಲೇ ರೂಪಾಯಿ ಜಿಗಿಯಿತು, ಡಾಲರ್ ಬಿತ್ತು. ಮತ ಎಣಿಕೆ ಮರುದಿನ, ಮಂಗಳವಾರ. ಮಧ್ಯಾಹ್ನ ನಾನು ಅಂಗಡಿಗೆ ಹೋದಾಗ ಮಲ್ಲಣ್ಣ ಹೊಸ್ತಿಲಲ್ಲಿ ನಿಂತಿದ್ದರು. "ಏನೋ ಈರ್ಯಾ, ಅಮೆರಿಕಾದ ನೆಲ್ಲಿಗೆ ಹುಳಾ ಬಿತ್ತಂತ?" ಎಂದು ನಕ್ಕು ಹೋದರು. ಕಾಕಾ ಅಂಗೈಯ ಕಾಳನ್ನು ಬೆರಳಿನಿಂದ ಆಚೆ ಈಚೆ ಸರಿಸುತ್ತಾ ಕೂತರು.

"ನಾಳೆ ಎಣಿಕಿ ಐತ್ರಿ. ಒಂದಿನ ತಡೀರಿ" ಎಂದೆ. ಎಂದೆನೇ? ಎಂದಿದ್ದೇನೆ ಎಂದೇ ಅನಿಸುತ್ತದೆ.

"ತೋರಿಸಿದ ಕಾಳು ಬ್ಯಾರಿ, ಬಂದ ಮಾಲು ಬ್ಯಾರಿ. ಕೆಟ್ಟ ಮಾತು ರಾತ್ರಿ ಇಟಕೊಂಡು ಕೂಡ್ಲೇನು?"

"ಇದು ನೆಲ್ಲಲ್ರಿ ಕಾಕಾ. ಮಾಲು ಇನ್ನೂ ಬಂದೇ ಇಲ್ಲ."

"ನಮ್ಮಪ್ಪ ನೆಲ್ಲಿಗಿ ಒಂದು ಮಾತು, ಜ್ವಾಳಕ್ಕ ಒಂದು ಮಾತು ಹೇಳಿಲ್ಲಪಾ" ಎಂದರು. ಆಗಲೇ ಕಾಳನ್ನು ಉಗುಳಿದ್ದು, ಉಗುಳಿದ್ದರೆ. ನನಗೆ ಕುಷ್ಟಗಿಗೆ ಹೋಗಬೇಕಿತ್ತು. ಎದ್ದು ಬಂದೆ.

ಮಂಗಳವಾರ ಎಣಿಕೆ ಮುಗಿದಾಗ ಯಾವ ಪಕ್ಷಕ್ಕೂ ಒಂಟಿಯಾಗಿ ಬಹುಮತ ಬಂದಿರಲಿಲ್ಲ. ಕಾಕಾನ ಮಾತೇ ನಿಜವಾಗಿತ್ತು, ಆದರೆ ಅವರ ಕೈಯಲ್ಲಿ ಡಾಲರ್ ಉಳಿದಿರಲಿಲ್ಲ. ಮಳೆ ಹಿಡಿಯುವುದರೊಳಗೆ ಅಂಗಡಿ ಗೊಬ್ಬರದವನ ಪಾಲಾಯಿತು. ಕಾಕಾ ಟಿವಿ ನಂಬಿ ರೂಪಾಯಿಯ ಮೇಲೆ ಕಟ್ಟಿ, ಫಲಿತಾಂಶ ಉಲ್ಟಾ ಬಂದು ಕೆಟ್ಟರು ಎಂದು ಗಂಜಿನಲ್ಲಿ ಕತೆ ಹುಟ್ಟಿತು. "ನೀವರ ಖರೇದ್ದು ಹೇಳ್ರಿ" ಎಂದು ನಾನು ರೇಗಿದರೆ, "ಟಿವಿ ನಂಬಿ ಕೆಟ್ಟ ಅಂದ್ರ ಮಂದಿ ಅಯ್ಯೋ ಅಂತಾರ. ಖರೇದ್ದು ಹೇಳಿದ್ರ ಹುಚ್ಚ ಅಂತಾರ. ಅಯ್ಯೋ ಅನ್ನೂದ ಇರ್ಲಿ ಬಿಡು" ಎಂದರು.

ಕೊನೆಯ ಸಲ ಅವರನ್ನು ನೋಡಿದ್ದು ಹನುಮನಹಳ್ಳಿಯಲ್ಲಿ. ಅಂಜನಾದ್ರಿಗೆ ಬರುವವರು ಉಳಿದುಕೊಳ್ಳುವ ವಸತಿಗೃಹವೊಂದರಲ್ಲಿ ಅಡುಗೆಯ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಬಾಯಲ್ಲಿ ಕಾಳು ಇರಲಿಲ್ಲ. ಹಲ್ಲು ಅಲ್ಲಾಡುತ್ತಿವೆ ಎಂದರು. ಯಾರೋ ವಿದೇಶಿ ಪ್ರವಾಸಿ ಅಡುಗೆಯವನಿಗೆ ಖುಷಿಯಿಂದ ಒಂದು ಡಾಲರ್ ನೋಟು ಕೊಟ್ಟಿದ್ದ. ಕಾಕಾ ಅದನ್ನು ಇಸಿದುಕೊಂಡು ಹೆಬ್ಬೆರಳಿನಿಂದ ಉಜ್ಜಿದರು, ಮೂಸಿದರು, ಬೆಳಕಿಗೆ ಹಿಡಿದರು.

"ಕೊಂಡಾಂವ ನಾನು, ಮಾರಿದಾಂವ ನಾನು. ಇದರ ಮುಖಾ ನೋಡಿದ್ದು ಇವತ್ತ ನೋಡೋ" ಎಂದು ನಕ್ಕರು. ನೋಟನ್ನು ಮರಳಿಸುವಾಗ ಅಡುಗೆಯವನಿಗೆ, "ಇವತ್ತ ಮುರಿಸಿಬಿಡಪಾ. ನಾಳಿಗಿ ಇಡಬ್ಯಾಡ" ಎಂದರು.

ಆ ಮಾಗಿಯಲ್ಲಿ ಅವರು ತೀರಿಹೋದರು. ಮಣ್ಣಿಗೆ ಬಂದ ಗಂಜಿನ ಜನ ಮತ್ತೆ ಅದೇ ಟಿವಿಯ ಕತೆ ಹೇಳಿದರು. ಕೇಳುತ್ತಾ ಕೇಳುತ್ತಾ ನನಗೇ ಸಂಶಯ ಹುಟ್ಟಿತು. ಶೇಂಗಾದ ಹೆಂಗಸು, ದೀಪದ ನೇಮ, ಸೋಮವಾರದ ಮಾತು, ಇವೆಲ್ಲ ಮೆಚ್ಚಿನ ಮನುಷ್ಯನನ್ನು ಸೋಲಿನಿಂದ ಬಿಡಿಸಲು ನಾನೇ ಕಟ್ಟಿಕೊಂಡದ್ದೇ? ತಡೆಯಲಾರದೆ ಕೊಪ್ಪಳದ ಆ ಏಜೆಂಟನನ್ನು ಹುಡುಕಿಕೊಂಡು ಹೋದೆ. ಅವನಿಗೆ ಕಾಕಾ ಚೆನ್ನಾಗಿ ನೆನಪಿದ್ದರು. "ನಾಳಿಗಿ ನೋಡೋಣ್ರಿ ಯಜಮಾನ್ರ ಅಂತ ಭಾಳ ಹೇಳಿದ್ನಿರಿ. ದೀಪಾ ಹಚ್ಚೂದ್ರೊಳಗ ಮಾರಿಬಿಡು ಅಂದ್ರು. ನನಗ ಅದು ಏನಂತ ತಿಳೀಲಿಲ್ಲರಿ" ಎಂದ.

ಅವನ ನೆನಪನ್ನೂ ನಂಬದೆ, ಕಂಪ್ಯೂಟರಿನಲ್ಲಿ ಆ ವಹಿವಾಟು ತೆರೆಸಿ ನೋಡಿದೆ. ಕೊಂಡಿಟ್ಟದ್ದು ಡಾಲರೇ. ಮಾರಿದ್ದು ಸೋಮವಾರ ಸಂಜೆ, ಪೇಟೆ ಮುಚ್ಚುವ ಸ್ವಲ್ಪ ಮೊದಲು. ಕೆಳಗೆ ಮರುದಿನದ ದರವೂ ಇತ್ತು: ಡಾಲರ್ ಏರಿತ್ತು.