ಐದು ಹತ್ತಕ್ಕೆ ಎರಡು ಲೋಟ ಬಿಸಿನೀರು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಇಂಥದ್ದನ್ನೆಲ್ಲ ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವಳು ನಾನೇ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಹೇಳುತ್ತಿದ್ದರು, ಕಂಡದ್ದನ್ನು ಕಂಡಷ್ಟೇ ಹೇಳು, ಒಂದು ಅಡ್ಜೆಕ್ಟಿವ್ ಕೂಡ ಹೆಚ್ಚಿಗೆ ಹಾಕಬೇಡ ಎಂದು. ಹಾಗೇ ಹೇಳುತ್ತೇನೆ.

ಮಧುಗಿರಿಯಲ್ಲಿ, ಬೆಟ್ಟದ ನೆರಳು ಸಂಜೆ ನಾಲ್ಕಕ್ಕೇ ಬಂದು ಬೀಳುವ ಬೀದಿಯಲ್ಲಿ ನಮ್ಮ ಮನೆ. ನಾನೂ ನನ್ನ ಅಕ್ಕ ಸರೋಜಳೂ ರಿಟೈರ್ ಆದಮೇಲೆ ಇಬ್ಬರೂ ಸೇರಿ ಕಟ್ಟಿಸಿದ್ದು. ನನ್ನವರು ತೀರಿಕೊಂಡಿದ್ದರು. ಅಕ್ಕ ಮದುವೆಯೇ ಆಗಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಟ್ರಂಕ್ ಕಾಲ್ ಕಾಲದಲ್ಲಿ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು, ಎಲ್ಲೆಲ್ಲಿಯವರನ್ನೋ ಎಲ್ಲೆಲ್ಲಿಯವರಿಗೋ ಸೇರಿಸುತ್ತಿದ್ದಳು.

ವಯಸ್ಸಾದರೂ ಫೋನಿನ ಹುಚ್ಚು ಬಿಡಲಿಲ್ಲ. ಆ ಸ್ಮಾರ್ಟ್ ಕೆಟಲ್ ತರಿಸಿದ್ದು ಅವಳೇ. ಅಡುಗೆಮನೆಯ ಕಟ್ಟೆಯ ಮೇಲೆ ಬಿಳಿ ಕೊಕ್ಕರೆಯ ಹಾಗೆ ಕೂತಿರುತ್ತದೆ. ಮಂಚದ ಮೇಲೇ ಮಲಗಿ ಫೋನ್ ಒತ್ತಿದರೆ ಅಲ್ಲಿ ನೀರು ಕಾಯುತ್ತದೆ. ಎಷ್ಟು ಡಿಗ್ರಿ, ಎಷ್ಟು ಕಪ್, ಎಲ್ಲ ಫೋನಿನಲ್ಲೇ ಕಾಣುತ್ತದೆ. ಅಕ್ಕನಿಗೆ ದಿನಾ ಬೆಳಗಿನ ಐದು ಹತ್ತಕ್ಕೆ ಥೈರಾಯ್ಡ್ ಮಾತ್ರೆ. ನಲವತ್ತೈದು ಡಿಗ್ರಿ, ಉಗುರುಬೆಚ್ಚಗೆ. ನಾನು ಏಳುವುದು ಆರೂವರೆಗೆ, ಅದೂ ಹಿಯರಿಂಗ್ ಏಡ್ ತೆಗೆದಿಟ್ಟು ಮಲಗುವವಳು. ಅವಳ ಬೆಳಗು ಹೇಗಿರುತ್ತಿತ್ತೋ ನನಗೆ ಗೊತ್ತೇ ಇರಲಿಲ್ಲ.

ಅಕ್ಕ ಹೋದ ಯುಗಾದಿಗೆ ಮುಂಚೆ ತೀರಿಕೊಂಡಳು. ನಿದ್ದೆಯಲ್ಲೇ.

ಆಷಾಢದಲ್ಲಿ ಅವಳ ಬೀರು ಖಾಲಿ ಮಾಡುವಾಗ, ಅವಳ ಫೋನನ್ನು ನಮ್ಮ ಮನೆ ಕೆಲಸದ ತಿಪ್ಪಮ್ಮನಿಗೆ ಕೊಟ್ಟೆ. ತಿಪ್ಪಮ್ಮ ಹನ್ನೆರಡು ವರ್ಷದಿಂದ ಬರುತ್ತಿದ್ದಾಳೆ. ಹಿತ್ತಿಲ ಬಾಗಿಲ ಬೀಗದ ಕೈ ಅವಳ ಹತ್ತಿರವೇ. ಐದೂಕಾಲಿಗೆ ಬಂದು ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ ಬಿಟ್ಟು ಆಮೇಲೆ ಒಳಗಿನ ಕೆಲಸ.

ಕಾರ್ತಿಕದಲ್ಲಿ ಶಿರಾಕ್ಕೆ ಹೋದೆ, ನಫೀಸಾ ಮನೆಗೆ. ಕಾನ್ವೆಂಟಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವಳಿಗೆ ಕಣ್ಣಿನ ಆಪರೇಷನ್ ಆಗಿತ್ತು, ನಾಲ್ಕು ದಿನ ಜೊತೆಗಿರು ಬಾ ಎಂದಳು. ಹೊರಡುವ ಮೊದಲು ಅವಳಿಗೆ ತೋರಿಸಬೇಕೆಂದು ಆ ಕೆಟಲಿನ ಆ್ಯಪ್ ಅನ್ನು ನನ್ನ ಫೋನಿಗೂ ಸರಿಯಾಗಿ ಹಾಕಿಸಿಕೊಂಡೆ. ಅಕ್ಕನ ನೆನಪಿಗೆ ಒಂದು ಆಟಿಕೆ, ಅಷ್ಟೇ.

ಎರಡನೆಯ ದಿನ. ಇನ್ನೂ ಕತ್ತಲು. ನಫೀಸಾ ಫಜರ್ ನಮಾಜಿಗೆ ಎದ್ದಿದ್ದಳು. ಅವಳ ಮನೆಯಲ್ಲಿ ಲೋಬಾನದ ವಾಸನೆ ಗೋಡೆಗೇ ಹತ್ತಿಕೊಂಡಿದೆ. ನನ್ನ ದಿಂಬಿನ ಕೆಳಗೆ ಫೋನ್ ನಡುಗಿತು.

ಕೆಟಲ್ ಆನ್ ಆಗಿದೆ. ನಲವತ್ತೈದು ಡಿಗ್ರಿ. ನೀರು ಎರಡು ಕಪ್.

ಟೈಮ್ ನೋಡಿದೆ. ಐದು ಹತ್ತು.

ಮನೆಗೆ ಬೀಗ ಹಾಕಿ ಬಂದಿದ್ದೇನೆ. ಕೆಟಲನ್ನು ನಾನೇ ತೊಳೆದು ಬರಿದು ಮಾಡಿ ಇಟ್ಟಿದ್ದೇನೆ. ನೀರು ಎಲ್ಲಿಂದ ಬಂತು...?

ಆಫ್ ಒತ್ತಿದೆ. ಆಫ್ ಆಯಿತು. ಉಸಿರು ಬಿಡುವಷ್ಟರಲ್ಲಿ ಮತ್ತೆ ಆನ್. ಮತ್ತೆ ಆಫ್ ಮಾಡಿದೆ. ಮತ್ತೆ ಆನ್. ನನ್ನ ಬೆರಳು ಶಿರಾದಲ್ಲಿ. ಅಲ್ಲಿ ಮಧುಗಿರಿಯಲ್ಲಿ ಇನ್ನೊಂದು ಬೆರಳು... ಅವಸರವಿಲ್ಲದೆ, ಸಿಟ್ಟಿಲ್ಲದೆ, ನಾನು ಆರಿಸಿದ್ದನ್ನು ಹಚ್ಚುತ್ತಿತ್ತು. ಐದನೆಯ ಸಲ ನಾನೇ ಸೋತೆ.

ನಫೀಸಾ ತಸ್ಬಿ ಮಣಿಸರ ಹಿಡಿದುಕೊಂಡೇ ಬಂದು ಮಂಚದ ಮೇಲೆ ಕೂತಳು. ಕಳ್ಳ ನುಗ್ಗಿರಬೇಕು ಎಂದೆ.

"ಅರೆ ಲೀಲಾ, ಕಳ್ಳ ಬಂದು ಬೀರು ಒಡೀತಾನೋ, ಗಂಟಲು ನೋವು ಅಂತ ನೀರು ಕಾಸ್ಕೊಂಡು ಕುಡೀತಾನೋ?"

ನಗು ಬರಲಿಲ್ಲ. ಅವಳು ನನ್ನ ಫೋನ್ ತೆಗೆದುಕೊಂಡು, ಆಪರೇಷನ್ ಆಗದ ಕಣ್ಣಿಗೆ ಹತ್ತಿರ ಹಿಡಿದು ಕೆಳಕ್ಕೆ ಸರಿಸಿದಳು. ಆನ್ ಮಾಡಿದವರು ಯಾರೆಂದು ಅಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅವಳ ತಸ್ಬಿ ನಿಂತಿತು.

ಸರೋಜಾ.

ಫೋನ್ ಕಿತ್ತುಕೊಂಡು ನಾನೂ ಓದಿದೆ. ಆಮೇಲೆ ನನ್ನ ಬುದ್ಧಿ ಓಡಿತು. ಅಕ್ಕನ ಫೋನ್ ಇರುವುದು ತಿಪ್ಪಮ್ಮನ ಹತ್ತಿರ. ಅದರಲ್ಲಿದ್ದ ಆ್ಯಪ್ ತೆಗೆಯದೆಯೇ ನಾನು ಕೊಟ್ಟುಬಿಟ್ಟೆ. ಹಿಂದಿನ ದಿನಗಳ ಲೆಕ್ಕ ತೆಗೆದು ನೋಡಿದೆ. ಫೋನ್ ಕೊಟ್ಟ ಮರುದಿನದಿಂದ ಶುರು. ಒಂದು ದಿನವೂ ತಪ್ಪಿಲ್ಲ. ಐದು ಹತ್ತು, ಎರಡು ಕಪ್, ಸರೋಜಾ.

ಅಬ್ಬಾ ತಿಪ್ಪಮ್ಮ, ಎಂದುಕೊಂಡೆ. ಹೆದರಿಕೆ ಹೋಗಿ ಅದರ ಜಾಗದಲ್ಲಿ ಕೋಪ ಬಂದು ಕೂತಿತು. ನಿಜ ಹೇಳಬೇಕೆಂದರೆ, ಅದು ಹಿತವಾಗಿಯೂ ಇತ್ತು.

ಬಡವನಹಳ್ಳಿ ಮೇಲಿನ ಬಸ್ಸು ಹಿಡಿದು ಅವತ್ತೇ ಊರಿಗೆ ಬಂದೆ. ಮನೆಯಲ್ಲಿ ಒಂದು ಚಮಚವೂ ಆಚೀಚೆ ಆಗಿರಲಿಲ್ಲ. ಕೆಟಲ್ ತಣ್ಣಗಿತ್ತು. ಒಳಗೆ ಎರಡು ಕಪ್ ಇರಬೇಕಾದಲ್ಲಿ ತಳದಲ್ಲಿ ನಾಲ್ಕು ಹನಿ.

ಇನ್ನೊಂದು ಕಂಡಿತು. ಹಿತ್ತಿಲ ಕಿಟಕಿಯ ಮೇಲೆ ತಿಪ್ಪಮ್ಮನಿಗೆಂದು ಒಂದು ಸ್ಟೀಲ್ ಲೋಟ ಬೇರೆ ಇಟ್ಟಿದ್ದೇನೆ. ಇಟ್ಟಿದ್ದೆ. ಅದಕ್ಕೆ ನಾನು ಹೈಜೀನ್ ಎಂಬ ಹೆಸರು ಕೊಟ್ಟುಕೊಂಡಿದ್ದೆ. ಅವಳು ಯಾವ ಕೇರಿಯವಳೆಂದು ಯೋಚಿಸಿಯೇ ಇಲ್ಲವೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆ ಲೋಟದ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಹಳೆಯ ಬಲೆ, ಧೂಳು ಕೂತದ್ದು.

ಹಾಗಾದರೆ ಇವಳು ಇಷ್ಟು ತಿಂಗಳಿಂದ ಯಾವ ಲೋಟದಲ್ಲಿ ಕುಡಿಯುತ್ತಿದ್ದಾಳೆ?

ಸಂಜೆ ದೀಪ ಹಚ್ಚಲು ಬಂದವಳು ನನ್ನನ್ನು ನೋಡಿ ಬೆಚ್ಚಿದಳು. ಟೀಚರ್ ಧ್ವನಿಯಲ್ಲೇ ಕೇಳಿದೆ, ಕೆಟಲಿಗೆ ನೀರು ಹಾಕಿದ್ದು ಯಾರು ಎಂದು.

"ನಾನೇ ಕಣಮ್ಮ. ರಾತ್ರಿ ಹೊತ್ತು ಮನೇಲಿ ಬರೀ ಪಾತ್ರೆ ಇಕ್ಕಬಾರ್ದು. ನೀವು ಎಲ್ಲಾ ಬೋರಲಾಕಿ ವಂಟೋಗಿದ್ರಿ. ದೀಪ ಅಚ್ಚಿ, ದಿನಾ ಬುಡೋ ಅಂಗೆ ಅದ್ರಾಗೆ ಎಲ್ಡು ಲೋಟ ನೀರ್ ಬುಟ್ಟು ಬೀಗ ಆಕ್ಕಂಡೆ."

ಆ ಪದ್ಧತಿ ನನ್ನ ತಾಯಿಯ ಮನೆಯಲ್ಲೂ ಇತ್ತು. ಆದರೂ ಬಿಡಲಿಲ್ಲ. ನೀರು ಹಾಕಿದವಳಿಗೆ ಕಾಸುವುದೂ ಗೊತ್ತಿರಬೇಕಲ್ಲ, ಅಕ್ಕನ ಫೋನು ಒತ್ತಿ ಆಟ ಆಡುತ್ತೀಯಾ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ನೀವೇ ಅಲ್ವಾ..." ಎಂದು ಶುರು ಮಾಡಿ ನಿಲ್ಲಿಸಿಬಿಟ್ಟಳು. ಕಿಟಕಿಯ ಲೋಟ ತೋರಿಸಿ ನಾನು ಇನ್ನೊಂದು ಮಾತು ಕೇಳಿದೆ. ಅದನ್ನು ಇಲ್ಲಿ ಬರೆಯಲು ಕೈ ಬರುವುದಿಲ್ಲ.

ತಿಪ್ಪಮ್ಮ ಜಗಳ ಆಡಲಿಲ್ಲ. ಸೊಂಟದಿಂದ ಬೀಗದ ಕೈ ಬಿಚ್ಚಿ ಕಟ್ಟೆಯ ಮೇಲಿಟ್ಟಳು. ಒಂದು ಗಂಟೆ ಕಳೆದು ಮತ್ತೆ ಬಂದಳು, ಟವೆಲಿನಲ್ಲಿ ಸುತ್ತಿದ ಫೋನ್ ಹಿಡಿದುಕೊಂಡು.

"ತಗಳಿ ನಿಮ್ ಫೋನು. ಕೊಟ್ಟಾಗ ಚಾರ್ಜರ್ ಕೊಡ್ಲಿಲ್ಲ ನೀವು. ನನ್ ಮಗನ್ ವೈರು ಇದಕ್ಕೆ ಕೂರಾಕಿಲ್ಲ. ಕೇಳಾಣ ಅಂದ್ಕಂಡೆ, ಕೇಳ್ಲಿಲ್ಲ. ಅವತ್ತಿಂದ ಟ್ರಂಕಿನಾಗೇ ಐತೆ."

ಗುಂಡಿ ಒತ್ತಿ ನೋಡಿದೆ. ಕಲ್ಲಿನ ಹಾಗೆ ಕಪ್ಪಗಿತ್ತು. ಒಳಗೆ ಹೋಗಿ ನನ್ನ ಮೇಜಿನ ಡ್ರಾಯರ್ ಎಳೆದೆ. ಅಕ್ಕನ ಚಾರ್ಜರ್, ವೈರು ನೀಟಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದು, ಅಲ್ಲೇ ಇತ್ತು.

ಹೊರಗೆ ಬರುವಷ್ಟರಲ್ಲಿ ತಿಪ್ಪಮ್ಮ ಹೋಗಿದ್ದಳು.

ಕೆಟಲ್ ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಬಹಳ ಪೊಲೈಟ್ ಆಗಿ, ಟೈಮರ್ ಏನೂ ಸೆಟ್ ಆಗಿಲ್ಲ ಮೇಡಂ, ದಿನಾ ಯಾರೋ ಕೈಯಿಂದಲೇ ಆನ್ ಮಾಡುತ್ತಿದ್ದಾರೆ ಎಂದಳು. ನಿಮ್ಮ ಮನೆಯವರನ್ನೇ ಕೇಳಿ ನೋಡಿ ಎಂದಳು.

ಆಗಲಿ, ಕಣ್ಣಾರೆ ನೋಡೇ ಬಿಡೋಣ ಎಂದು ತೀರ್ಮಾನಿಸಿದೆ. ಅಕ್ಕನ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕೆಟಲ್ ಬರಿದು ಮಾಡಿ, ಅದರ ಪೀಠದಿಂದ ತೆಗೆದು ಪಕ್ಕದಲ್ಲಿ ಬೋರಲು ಹಾಕಿದೆ. ಪೀಠಕ್ಕೆ ಕರೆಂಟು ಮಾತ್ರ ಇತ್ತು. ಬೆಳಗಿನ ಐದಕ್ಕೆ ಎದ್ದು ಹಿಯರಿಂಗ್ ಏಡ್ ಹಾಕಿಕೊಂಡು ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತೆ. ಲೈಟ್ ಹಾಕಲಿಲ್ಲ. ಕಾಲ ಕೆಳಗೆ ನೆಲ ಬೆಟ್ಟದ ಬಂಡೆಯಷ್ಟು ತಣ್ಣಗಿತ್ತು. ಗೋಡೆ ಗಡಿಯಾರದ ಒಂದು ಟಿಕ್... ಮತ್ತೊಂದು ಟಿಕ್.

ಐದು ಹತ್ತು.

ಟಿಣ್.

ಪೀಠದ ಅಂಚಿನಲ್ಲಿ ನೀಲಿ ಬೆಳಕಿನ ಉಂಗುರ ಹೊತ್ತಿಕೊಂಡಿತು. ನನ್ನ ಫೋನಿನಲ್ಲಿ ಬಂತು: ಕೆಟಲ್ ಪೀಠದ ಮೇಲಿಲ್ಲ. ಸರೋಜಾ.

ಆರಿತು. ಹತ್ತು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಟಿಣ್. ಮತ್ತೆ ಆರಿತು. ಟಿಣ್. ಆ ಕಡೆಯವರು ಫೋನ್ ಎತ್ತದಿದ್ದಾಗ ಆಪರೇಟರ್ ಬಿಟ್ಟು ಬಿಟ್ಟು ರಿಂಗ್ ಕೊಡುತ್ತಾಳಲ್ಲ, ಹಾಗೆ... ನನ್ನ ಕಿವಿಯ ಯಂತ್ರದೊಳಗೆ ಸಣ್ಣಗೆ ಕರ್ ಎಂಬ ಸದ್ದು, ಹಳೆಯ ಲೈನಿನ ಸದ್ದು. ಮೂಗಿಗೆ ನೋವಿನ ಮುಲಾಮಿನ ವಾಸನೆ ಬಂತು. ಅಕ್ಕ ಮಂಡಿಗೆ ಹಚ್ಚಿಕೊಳ್ಳುತ್ತಿದ್ದ ಮುಲಾಮು. ಆ ಡಬ್ಬಿಯನ್ನು ನಾನು ಎಸೆದು ಎಂಟು ತಿಂಗಳಾಗಿತ್ತು.

ಏಳನೆಯ ಟಿಣ್‌ಗೆ ನಾನು ಎದ್ದೆ. ಎರಡು ಲೋಟ ನೀರು ಹಾಕಿ ಕೆಟಲನ್ನು ಪೀಠದ ಮೇಲೆ ಕೂರಿಸಿದೆ. ನಾನು ಏನೂ ಒತ್ತಲಿಲ್ಲ. ನೀರು ಸಣ್ಣಗೆ ಗುನುಗತೊಡಗಿತು. ನಲವತ್ತೈದಕ್ಕೆ ನಿಂತಿತು.

ಅದೇ ಹೊತ್ತಿಗೆ ಹಿತ್ತಿಲ ಬಾಗಿಲ ಹೊರಗೆ ಯಾರೋ ಕೆಮ್ಮಿದರು.

ಬಾಗಿಲು ತೆಗೆದರೆ ತಿಪ್ಪಮ್ಮ. ತಲೆಗೆ ಸೆರಗು ಬಿಗಿಯಾಗಿ ಹೊದ್ದು ಮೆಟ್ಟಿಲ ಮೇಲೆ ಕೂತಿದ್ದಳು. ಕೆಲಸಕ್ಕೆ ಬಂದಿಲ್ಲ ಎಂದು ಮೊದಲೇ ಹೇಳಿಬಿಟ್ಟಳು. "ಕಾಲೇ ಬಂದ್ಬುಟ್ಟವೆ, ನಾನೇನು ಮಾಡ್ಲಿ. ಒಂದ್ ಮಾತು ಹೇಳಿ ಹೋಗ್ಬುಡ್ತೀನಿ."

ಅವಳು ಹೇಳಿದ್ದಿಷ್ಟು. ಅಕ್ಕ ಇದ್ದಾಗ ದಿನಾ ಎರಡು ಲೋಟ ನೀರು ಕಾಸುತ್ತಿದ್ದಳು. ಒಂದು ತನ್ನ ಮಾತ್ರೆಗೆ. ಇನ್ನೊಂದು ಚಳಿಯಲ್ಲಿ ನಡೆದು ಬರುವ ತಿಪ್ಪಮ್ಮನಿಗೆ. ಕಿಟಕಿಯ ಲೋಟದಲ್ಲಲ್ಲ, ಅಕ್ಕನ ಹಿತ್ತಾಳೆ ಲೋಟದಲ್ಲಿ. ಲೀಲಾಗೆ ಹೇಳಬೇಡ, ಅವಳಿಗೆ ಅರ್ಥವಾಗೋದು ನಿಧಾನ ಎಂದಿದ್ದಳಂತೆ.

"ದೊಡ್ಡಮ್ಮಾರು ಹೋದ್ ಮ್ಯಾಲೆ ನಿಂತೋಗಿತ್ತು. ಆಮ್ಯಾಕೆ ಆಷಾಡದಾಗೆ ಒಂದಿನ ಬಂದ್ ನೋಡ್ತೀನಿ, ನೀರು ಬೆಚ್ಚಗೈತೆ. ನೀವೇ ಅಂದ್ಕಂಡೆ ಕಣಮ್ಮ. ಬಾಯಲ್ಲಿ ಹೇಳಾಕೆ ನಾಚ್ಕಂಡು ಮಂಚದಾಗಿಂದ್ಲೇ ಫೋನಾಗೆ ಕಾಸ್ತಾವ್ರೆ ಅಂತ. ದಿನಾ ಕುಡಿಯೋವಾಗ ನಿಮ್ಮನ್ನೇ ನೆನೆಸ್ಕಂತಿದ್ದೆ."

ನಾನಲ್ಲ ತಿಪ್ಪಮ್ಮ ಎಂದೆ. ಅಷ್ಟು ಒಳ್ಳೆಯವಳು ನಾನಲ್ಲ.

ಅವಳು ಕತ್ತು ಚಾಚಿ ಒಳಗೆ ಕೆಟಲಿನ ಕಡೆ ನೋಡಿದಳು. ಆಮೇಲೆ ತಗ್ಗಿದ ಧ್ವನಿಯಲ್ಲಿ, "ಅಂಗಾರೆ ಇನ್ನೊಂದು ಲೋಟ?" ಎಂದಳು.

ಏನು ಇನ್ನೊಂದು ಲೋಟ?

"ನಾನು ಕುಡಿಯಾದು ಒಂದೇ. ಇನ್ನೊಂದು ಅದ್ರಾಗೇ ಬುಟ್ಟು ಅಂಗಳಕ್ಕೆ ಹೋಗ್ತಿದ್ದೆ. ಗುಡಿಸಿ ಬರಾ ವೊತ್ಗೆ ಖಾಲಿ ಆಗಿರ್ತಿತ್ತು. ನೆನ್ನೆ ಬೆಳಿಗ್ಗೆ ನೀವು ಊರಲ್ಲಿ ಇಲ್ದಾಗ ನಾನು ಒಳಕ್ಕೇ ಬರ್ಲಿಲ್ಲ, ಬರೀ ಅಂಗಳ ಗುಡಿಸ್ಕಂಡು ಹೋದೆ. ಸಂಜೆ ಬಂದ್ ನೋಡುದ್ರೆ ಖಾಲಿ, ಎಲ್ಡೂ ಲೋಟ ಯಾರಮ್ಮ ಕುಡಿದಿದ್ದು?"

ಒಳಗೆ ಹೋಗಿ ಅಕ್ಕನ ಹಿತ್ತಾಳೆ ಲೋಟ ತೆಗೆದು, ತುಂಬಿಸಿ, ಮೆಟ್ಟಿಲಿಗೆ ತಂದು ನನ್ನ ಕೈಯಿಂದಲೇ ಕೊಟ್ಟೆ. ಅವಳು ಬೇಗ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಳು. ಅವಳು ಕುಡಿದು ಮುಗಿಸುವವರೆಗೆ ನಾನೂ ಅದೇ ಮೆಟ್ಟಿಲ ಮೇಲೆ ಕೂತಿದ್ದೆ. ಆಮೇಲೆ ಬೀಗದ ಕೈ ತರಲು ಒಳಗೆ ಹೋದೆ.

ಕೆಟಲ್ ಖಾಲಿಯಾಗಿತ್ತು.

ತಿಪ್ಪಮ್ಮ ಹೊಸ್ತಿಲು ದಾಟಿರಲಿಲ್ಲ. ಆದರೂ, ನನ್ನ ಬುದ್ಧಿ ನೋಡಿ, ಸಿಂಕಿಗೆ ಬೆರಳು ಹಾಕಿ ನೋಡಿದೆ. ಒಣಗಿತ್ತು. ಬೀರುವಿನ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಅಕ್ಕನ ಫೋನ್ ಕಪ್ಪಗೆ, ತಣ್ಣಗೆ, ಟವೆಲಿನೊಳಗೆ ಮಲಗಿತ್ತು.

ತಿಪ್ಪಮ್ಮ ಈಗ ಮೊದಲಿನ ಹಾಗೇ ಬರುತ್ತಾಳೆ. ಬೀಗದ ಕೈ ಅವಳ ಸೊಂಟದಲ್ಲಿದೆ. ಕಿಟಕಿಯ ಮೇಲೆ ಲೋಟ ಇಲ್ಲ. ರಾತ್ರಿ ಮಲಗುವ ಮುಂಚೆ ಕೆಟಲಿಗೆ ಎರಡು ಲೋಟ ನೀರು ಹಾಕುವುದು ನಾನೇ. ಐದು ಹತ್ತಕ್ಕೆ ಎಚ್ಚರವಾಗುತ್ತದೆ. ಹಿಯರಿಂಗ್ ಏಡ್ ಮಾತ್ರ ಹಾಕಿಕೊಳ್ಳುವುದಿಲ್ಲ. ಧೈರ್ಯವಿಲ್ಲ.

ನಫೀಸಾ ದಿನಾ ಫೋನ್ ಮಾಡಿ ಬೈಯುತ್ತಾಳೆ, ಆ್ಯಪ್‌ನಿಂದ ಆ ಹೆಸರು ತೆಗೆದುಹಾಕು, ಒಂದು ಸಲ ಒತ್ತಿದರೆ ಮುಗಿಯಿತಲ್ಲ ಎಂದು. ನಿನ್ನೆ ತೆರೆದೆ. ಸರೋಜಾ ಎಂಬ ಹೆಸರಿನ ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ರಿಮೂವ್ ಎಂದಿತ್ತು. ಬೆರಳು ಅದರ ಮೇಲೆ ಹೋಯಿತು.

ಆಗ ನೆನಪಾಯಿತು. ಅಕ್ಕ ಎಕ್ಸ್‌ಚೇಂಜಿಗೆ ಸೇರಿದ ಹೊಸದರಲ್ಲಿ ನನಗೆ ಹೇಳಿದ್ದಳು, ಲೈನ್ ಕೀಳುವ ಮೊದಲು ಎರಡೂ ಕಡೆಯವರು ಫೋನ್ ಇಟ್ಟಿದ್ದಾರೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಬೇಕು. ಒಬ್ಬರು ಇಟ್ಟರೆ ಸಾಲದು.

ಈ ಕಡೆ ನಾನು ಇಡಲು ಸಿದ್ಧಳಿದ್ದೇನೆ.

ಆ ಕಡೆ... ಇನ್ನೂ ಇಟ್ಟಿಲ್ಲ.