ಸೀರೆ ಅಂಗಡಿಯಲ್ಲಿ ಸೈಡ್‌ವಿಂಗು

ಹೋದ ಶನಿವಾರ ನನ್ನ ಗೆಳೆಯ ಗುರುಲಿಂಗ ಬೆಳಗಾವಿಯ ಖಡೇಬಜಾರದ ಅಂಗಡಿಯಲ್ಲಿ ಹತ್ತಾರು ಹೆಂಗಸರ ಎದುರು ಸೀರೆ ಉಟ್ಟು ನಿಂತಿದ್ದ. ನನಗೆ ಹೊಟ್ಟೆ ಉರಿಯಿತು.

ನಗಬೇಡಿ. ವಿಷಯ ನನ್ನ ಅನ್ನದ್ದು.

ನಮ್ಮ ನಾಟಕ ಕಂಪನಿ ಖಾನಾಪುರದ ಮೊಕ್ಕಾಮಿನಲ್ಲೇ ಮುಚ್ಚಿತೆಂದು ಮಳೆಗಾಲದಲ್ಲಿ ಇದೇ ಅಂಕಣದಲ್ಲಿ ಬರೆದಿದ್ದೆ. ಅಲ್ಲಿ ಗುರುಲಿಂಗ ರಾಣಿಯ ಪಾತ್ರ ಮಾಡುತ್ತಿದ್ದ. ನಾನು ರಂಗದ ಪಕ್ಕದ ಮರೆಯಲ್ಲಿ, ಅಂದರೆ ಸೈಡ್‌ವಿಂಗಿನಲ್ಲಿ ನಿಂತು, ನಟರು ಮಾತು ಮರೆತಾಗ ಮೆಲ್ಲಗೆ ಎತ್ತಿಕೊಡುವ ಪ್ರಾಂಪ್ಟರ್. ಇಬ್ಬರಿಗೂ ನಲವತ್ತು ದಾಟಿದೆ. ಬೆಳಗಾವಿಗೆ ಬಂದು ಒಂದೇ ಸೀರೆ ಅಂಗಡಿ ಸೇರಿದೆವು. ದೀಪಾವಳಿಯವರೆಗೆ ಇಬ್ಬರೂ ಇರಲಿ, ಆಮೇಲೆ ಒಬ್ಬರನ್ನಷ್ಟೇ ಇಟ್ಟುಕೊಳ್ಳುವುದು ಎಂದರು ಸಾವುಕಾರರು.

ಮೊದಲ ದಿನವೇ ಗುರುಲಿಂಗ ಹಳೆಯ ಕಸುಬನ್ನು ಹೊಸ ಕೌಂಟರಿಗೆ ತಂದ. ಪ್ಯಾಂಟಿನ ಮೇಲೆಯೇ ನಿರಿಗೆ ಹಿಡಿದು, ಸೆರಗು ಹೊದ್ದು, ಕುತ್ತಿಗೆ ಒಂದಿಷ್ಟು ಓರೆ ಮಾಡಿದನೆಂದರೆ ಮುಗಿಯಿತು. ಅವನ ಮೀಸೆ (ಈಗಷ್ಟೇ ಬಿಟ್ಟಿದ್ದಾನೆ) ಯಾರಿಗೂ ಕಾಣುವುದಿಲ್ಲ, ಸೀರೆಯೇ ಕಾಣುತ್ತದೆ. ನಾನೂ ಒಮ್ಮೆ ಸೆರಗು ಹೊದ್ದೆ. ಗಿರಾಕಿಯ ಕಂಕುಳಲ್ಲಿದ್ದ ಕೂಸು ಅತ್ತಿತು. ಅಂದಿನಿಂದ ನನ್ನದು ಸೀರೆ ಮಡಿಸುವ ಕೆಲಸ.

"ಗುರುಲಿಂಗಣ್ಣನ ಕೈಯಾಗ ಕಲಾ ಐತ್ರಿ," ಎಂದಳು ನನ್ನ ಹೆಂಡತಿ. ನನ್ನ ಕೈಯಲ್ಲಿ ಏನಿದೆ ಎಂದು ಕೇಳಿದೆ. ಆಕೆ ರೊಟ್ಟಿ ತಿರುವಿ ಹಾಕಿದಳು.

ನಿಜಕ್ಕೂ ಏನಿದೆ? ಕೆಲಸ ಬದಲಿಸುವವರಿಗೆ ಎಲ್ಲರೂ ಹೇಳುವುದು ಒಂದೇ: ಇದ್ದದ್ದನ್ನೇ ಹೊಸದಾಗಿ ತೋರಿಸು. ತೋರಿಸಲು ಬರುವಂಥದ್ದು ಇದ್ದವರಿಗೆ ಸರಿ. ಪ್ರಾಂಪ್ಟರನ ದನಿ ಪ್ರೇಕ್ಷಕರಿಗೆ ಕೇಳಿಸಿತೆಂದರೆ ಅವನು ಕೆಲಸಕ್ಕೆ ಬಾರದವನು. ಕೇಳಿಸದಿದ್ದರೆ ಅವನು ಅಲ್ಲಿದ್ದನೆಂದೇ ಯಾರಿಗೂ ಗೊತ್ತಾಗದು. ಇಂಥ ಅನುಭವವನ್ನು ಯಾವ ಸಾವುಕಾರರ ಮುಂದೆ ಬಿಡಿಸಿ ತೋರಿಸುವುದು?

ಶನಿವಾರ ಆದದ್ದು ಇಷ್ಟು. ಖಾನಾಪುರದ ಹಿರಿಯ ಹೆಂಗಸೊಬ್ಬರು ಮೊಮ್ಮಗಳ ಮದುವೆಯ ಜವಳಿಗೆ ಬಂದರು. ಗುಡ್ಡೆ ಬಿದ್ದ ಸೀರೆಗಳಲ್ಲಿ ಒಂದೂ ಮನಸ್ಸಿಗೆ ಬರದೆ ಇನ್ನೇನು ಏಳಲಿದ್ದರು. ಆಗ ಶಹಾಪುರ ಮಗ್ಗದ ಸೀರೆ ಉಟ್ಟು ನಿಂತ ಗುರುಲಿಂಗನನ್ನು ದಿಟ್ಟಿಸಿದರು.

"ನಮ್ಮೂರಾಗ ರಾಣಿ ಪಾರ್ಟು ಮಾಡಿದವ್ರು ನೀವ ಹೌದಲ್ರೀ?"

"ಹೌದ್ರೀ ಯವ್ವಾ."

"ಖರೇನ? ಹಂಗಾರ ಆ ತವರಮನಿ ಸೀರಿ ಮಾತು ಒಮ್ಮೆ ಹೇಳ್ರಿ. ಜವಳಿ ಎಲ್ಲಾ ಇಲ್ಲೇ ತಗೋತೀನಿ."

ಸಾವುಕಾರರು ಗಲ್ಲಾದಿಂದ ಕತ್ತೆತ್ತಿದರು. ಗುರುಲಿಂಗ ಸೆರಗು ಸರಿಪಡಿಸಿಕೊಂಡು ಬಾಯಿ ತೆರೆದ. ಮಾತು ಬರಲಿಲ್ಲ. (ನಾಟಕದಲ್ಲೂ ಆ ಜಾಗದಲ್ಲಿ ಅವನು ಯಾವಾಗಲೂ ಮರೆಯುತ್ತಿದ್ದ.) ಅವನ ಕಣ್ಣು ಎಡಕ್ಕೆ ಹೊರಳಿತು. ಎಡಕ್ಕೆ ನಾನಿದ್ದೆ.

ಸುಮ್ಮನಿದ್ದರೆ ಸಾಕಿತ್ತು. ಹಾಗೆ ಯೋಚಿಸಿದೆ ಕೂಡ, ಸ್ಪಷ್ಟವಾಗಿ ನೆನಪಿದೆ. ಆದರೆ ಯೋಚನೆ ಮುಗಿಯುವ ಮೊದಲೇ ತುಟಿ ಅಲುಗಿಬಿಟ್ಟಿತ್ತು: "ತವರು ಬಿಟ್ಟಾಗ..."

ಅವನಿಗೆ ಅಷ್ಟೇ ಸಾಕು.

"ತವರು ಬಿಟ್ಟಾಗ ನನ್ನ ಜೊತೆ ಬಂದದ್ದು ಈ ಸೀರೆಯೊಂದೇ, ದೊರೆಯೇ. ಇದನ್ನೂ ಕೇಳುವಿರಾ?"

ಸೆರಗನ್ನು ಎದೆಗೊತ್ತಿಕೊಂಡ. ಆ ಹಿರಿಯರು ಕಣ್ಣೊರೆಸಿಕೊಂಡರು. ಜವಳಿಯೆಲ್ಲ ನಮ್ಮಲ್ಲೇ ಆಯಿತು. ಸಾವುಕಾರರು ಗುರುಲಿಂಗನ ಬೆನ್ನು ತಟ್ಟಿ, ನನ್ನ ಕಡೆ ತಿರುಗಿ, ಬಿದ್ದ ಸೀರೆಗಳನ್ನು ಮಡಿಸಲು ಹೇಳಿದರು.

ಸಂಜೆ ಬಾಗಿಲು ಹಾಕುವಾಗ ಗುರುಲಿಂಗ ಹತ್ತಿರ ಬಂದ. "ನೀ ಇರದಿದ್ರ ಇವತ್ತ ನನ್ನ ಮಾನ ಹೋಗ್ತಿತ್ತಲೇ ದೋಸ್ತ," ಎಂದ. ನನಗಲ್ಲ, ಸಾವುಕಾರರಿಗೆ ಹೇಳು ಎಂದೆ. ಹೇಳುತ್ತೇನೆಂದ.

ಇವತ್ತಿಗೂ ಹೇಳಿಲ್ಲ. ದಿನಾ ಗಲ್ಲಾದ ಮುಂದೆ ಹೋಗಿ ನಿಲ್ಲುತ್ತಾನೆ, ಬಾಯಿ ತೆರೆಯುತ್ತಾನೆ, ಚಹಾ ತರಿಸಲೇ ಎಂದು ಕೇಳಿ ವಾಪಸು ಬರುತ್ತಾನೆ. ದೀಪಾವಳಿ ಹತ್ತಿರ ಬಂತು.

ಆ ಮಾತನ್ನೂ ನಾನೇ ಎತ್ತಿಕೊಡಬೇಕೇನು?